ನಮ್ಮ ಸೀಮೆಯ ಯಂತ್ರಗಳು ಮತ್ತು ಪೇಟೆಂಟ್

ರೋಣ, ನರಗುಂದ, ಗಜೇಂದ್ರಗಡ ಸೀಮೆಯ ಎರೆಹೊಲಗಳಲ್ಲಿ ಹತ್ತಿ ಹಳೆಯ ಬೆಳೆ. ಹತ್ತಿಯಿಂದ ಕಾಳು ಬಿಡಿಸುವ ಯಂತ್ರಕ್ಕೆ ನಾವೆಲ್ಲ ಜಿನ್ ಎನ್ನುತ್ತೇವೆ. ಪೇಟೆಂಟ್ ಎಂಬುದರ ಕಥೆಯನ್ನು ನಮ್ಮವರಿಗೆ ಹೇಳಲು ಈ ಜಿನ್ನಿಗಿಂತ ಹತ್ತಿರದ ಉದಾಹರಣೆ ನನಗೆ ಸಿಗಲಿಲ್ಲ.

ಪೇಟೆಂಟ್ ಎಂದರೆ ಸರ್ಕಾರ ಮತ್ತು ಸಂಶೋಧಕನ ನಡುವಿನ ಒಂದು ಕರಾರು. ಸಂಶೋಧಕ ತನ್ನ ಯಂತ್ರದ ಗುಟ್ಟನ್ನು ಚಿತ್ರ ಸಮೇತ ಪೂರ್ತಿ ಬರೆದುಕೊಡಬೇಕು. ಅದಕ್ಕೆ ಬದಲಾಗಿ ಸರ್ಕಾರ ಇಷ್ಟು ವರ್ಷ ನಿನ್ನ ಒಪ್ಪಿಗೆ ಇಲ್ಲದೆ ಬೇರೆ ಯಾರೂ ಇದನ್ನು ಮಾಡಿ ಮಾರುವಂತಿಲ್ಲ ಎಂಬ ಹಕ್ಕು ಕೊಡುತ್ತದೆ. ಅವಧಿ ಮುಗಿದ ಮೇಲೆ ಆ ವಿದ್ಯೆ ಎಲ್ಲರದು. ಪೇಟೆಂಟ್ ಎಂದರೆ ಮುಚ್ಚಿಡುವುದು ಎಂದು ಬಹಳ ಜನ ತಿಳಿದಿದ್ದಾರೆ. ವಾಸ್ತವದಲ್ಲಿ ಬಿಚ್ಚಿ ತೋರಿಸದೆ ಪೇಟೆಂಟ್ ಸಿಗುವುದಿಲ್ಲ.

ಅಮೆರಿಕದ ಎಲಿ ವಿಟ್ನಿ ಎಂಬಾತ 1794ರ ಮಾರ್ಚ್ 14ರಂದು ತಂತಿ ಹಲ್ಲಿನ ಜಿನ್‌ಗೆ ಪೇಟೆಂಟ್ ಪಡೆದ. ಯಂತ್ರ ಎಷ್ಟು ಸರಳವಾಗಿತ್ತೆಂದರೆ ಊರ ಕಮ್ಮಾರರೇ ನೋಡಿ ನೋಡಿ ಮಾಡಿಕೊಂಡರು. ವಿಟ್ನಿ ಕೋರ್ಟಿಗೆ ಹೋದ, ಸೋತ. ಕಾರಣ ಕೇಳಿದರೆ ನಗು ಬರುತ್ತದೆ. ಆಗಿನ ಕಾನೂನನ್ನು ಓದಿದ ಕೋರ್ಟು, ಯಂತ್ರವನ್ನು ತಯಾರಿಸಿದ ‘ಮತ್ತು’ ಬಳಸಿದ ಎರಡನ್ನೂ ತೋರಿಸಬೇಕು ಎಂದಿತು. ಮಾಡಿದವನು ಒಬ್ಬ, ಬಳಸಿದವನು ಇನ್ನೊಬ್ಬನಾದರೆ ಇಬ್ಬರೂ ಪಾರು! 1800ರಲ್ಲಿ ಆ ಕಾನೂನನ್ನು ತಿದ್ದಿದರು. ‘ಮತ್ತು’, ‘ಅಥವಾ’ಗಳ ವ್ಯತ್ಯಾಸದಿಂದ ಕೆಲಸ ಕೆಡುವುದನ್ನು ನಮ್ಮಂಥ ಸಾಫ್ಟ್‌ವೇರ್ ಕಸುಬಿನವರು ದಿನಾಲೂ ನೋಡುತ್ತೇವೆ. ವಿಟ್ನಿಗೆ ಮಾತ್ರ ಅದು ದುಬಾರಿಯಾಯಿತು.

ಆ ಯಂತ್ರ ನಮ್ಮ ಸೀಮೆಗೆ ಬಂದದ್ದು ಹೇಗೆ? 1840ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಅಮೆರಿಕದಿಂದ ಹತ್ತಿ ಬೇಸಾಯಗಾರರನ್ನು ಕರೆಸಿತು. ಹುಬ್ಬಳ್ಳಿ ಹತ್ತಿರದ ಕುಸುಗಲ್ಲಿನಲ್ಲಿ ಅವರಿಂದ ಹೊಲ ಮಾಡಿಸಿ ನೋಡಿದರು. ಅಮೆರಿಕದ ಬೀಜ ಧಾರವಾಡ ಜಿಲ್ಲೆಯ ನೆಲಕ್ಕೆ ಒಗ್ಗಿ ‘ಧಾರವಾಡ ಅಮೆರಿಕನ್’ ಹತ್ತಿ ಎಂದು ಹೆಸರಾಯಿತು. ಆಗ ರೋಣ ತಾಲೂಕೂ ಧಾರವಾಡ ಜಿಲ್ಲೆಯಲ್ಲೇ ಇತ್ತು. ನಮ್ಮ ಜವಾರಿ ಹತ್ತಿಗೆ ‘ಕುಮಟಾ ಹತ್ತಿ’ ಎಂಬ ಹೆಸರಿತ್ತು, ಅದು ಹಡಗು ಹತ್ತುತ್ತಿದ್ದುದು ಕುಮಟಾ ಬಂದರಿನಲ್ಲಿ ಎಂಬ ಕಾರಣಕ್ಕೆ. ಹೆಂಗಸರು ಚಪ್ಪಟೆ ಕಲ್ಲಿನ ಮೇಲೆ ಹತ್ತಿ ಇಟ್ಟು, ಕಬ್ಬಿಣದ ಸಲಾಕೆಯನ್ನು ಕಾಲಿನಿಂದ ಉರುಳಿಸಿ ಅದರ ಕಾಳು ತೆಗೆಯುತ್ತಿದ್ದರು. ಅಮೆರಿಕನ್ ಹತ್ತಿಗೆ ಗರಗಸದ ಜಿನ್ ಬೇಕಾಯಿತು. ಅದನ್ನು ತಯಾರಿಸಲು, ರಿಪೇರಿ ಮಾಡಲು ಸರ್ಕಾರವೇ ಧಾರವಾಡದಲ್ಲಿ ಕಾರ್ಖಾನೆ ತೆರೆಯಿತು.

ಗರಗಸದ ಹಲ್ಲು ಎಳೆಯನ್ನು ಹರಿಯುತ್ತದೆ. ಇದನ್ನು ತಪ್ಪಿಸಲು ಅಮೆರಿಕದವನೇ ಆದ ಫೋನ್ಸ್ ಮೆಕಾರ್ಥಿ 1840ರಲ್ಲಿ ಉರುಳೆ ಜಿನ್‌ಗೆ ಪೇಟೆಂಟ್ ಪಡೆದ. ತೊಗಲು ಹೊದಿಸಿದ ಉರುಳೆ ಎಳೆಯನ್ನು ಹಿಡಿದು ಎಳೆಯುತ್ತದೆ, ಎದುರಿನ ಅಲಗು ಕಾಳನ್ನು ಬಡಿದು ಕೆಳಗೆ ಬೀಳಿಸುತ್ತದೆ. ಇಂಗ್ಲೆಂಡಿನ ಓಲ್ಡಮ್‌ನ ಪ್ಲಾಟ್ ಬ್ರದರ್ಸ್ ಕಂಪನಿ ಈ ಬಗೆಯ ಜಿನ್‌ಗಳನ್ನು ಮಾಡಿ ಮಾರಿತು. ಇವತ್ತು ನಮ್ಮ ದೇಶದ ಜಿನ್ನಿಂಗ್ ಮಿಲ್ಲುಗಳಲ್ಲಿ ಹೆಚ್ಚಾಗಿ ಓಡುವ ಜೋಡಿ ಉರುಳೆಯ ಯಂತ್ರ ಅದೇ ವಂಶದ್ದು. ಮೆಕಾರ್ಥಿಯ ಪೇಟೆಂಟ್ ಅವಧಿ ಮುಗಿದು ನೂರೈವತ್ತು ವರ್ಷದ ಮೇಲಾಯಿತು. ಆದರೆ ಅವನು ಬರೆದುಕೊಟ್ಟ ಕಾಗದ ಇನ್ನೂ ಇದೆ.

ಭಾರತದಲ್ಲಿ ಮೊದಲ ಪೇಟೆಂಟ್ ಕಾನೂನು ಬಂದದ್ದು 1856ರಲ್ಲಿ, ಅವಧಿ 14 ವರ್ಷ. ಮೊದಲ ಅರ್ಜಿ ಹಾಕಿದವರು ಕಲ್ಕತ್ತೆಯ ಜಾರ್ಜ್ ಆಲ್ಫ್ರೆಡ್ ಡಿಪೆನ್ನಿಂಗ್. ಯಾವುದಕ್ಕೆಂದು ಬಲ್ಲಿರಾ? ಸಾಹೇಬರ ಮನೆಯ ಮಾಳಿಗೆಗೆ ತೂಗುಹಾಕಿದ ಪಂಖಾ ಎಳೆಯುವ ಯಂತ್ರಕ್ಕೆ! ಇಡೀ ದಿನ ಹಗ್ಗ ಜಗ್ಗುತ್ತ ಕೂಡುತ್ತಿದ್ದ ಆಳುಗಳ ಕೆಲಸವನ್ನು ಯಂತ್ರಕ್ಕೆ ವಹಿಸುವ ವಿಚಾರ. ಮಹಾರಾಣಿಯ ಒಪ್ಪಿಗೆ ಪಡೆದಿರಲಿಲ್ಲ ಎಂಬ ಕಾರಣಕ್ಕೆ ಆ ಕಾನೂನನ್ನು ಮರುವರ್ಷವೇ ರದ್ದು ಮಾಡಿ, 1859ರಲ್ಲಿ ಹೊಸದಾಗಿ ತರಬೇಕಾಯಿತು.

ಕನ್ನಡಿಗರ ಪೇಟೆಂಟ್ ಎಂದರೆ ಮೊದಲು ನೆನಪಾಗುವುದು ಸರ್ ಎಂ. ವಿಶ್ವೇಶ್ವರಯ್ಯನವರ ಸ್ವಯಂಚಾಲಿತ ಗೇಟು. ಅವರು ಮುಂಬೈ ಪ್ರಾಂತದ ಲೋಕೋಪಯೋಗಿ ಇಲಾಖೆಯಲ್ಲಿದ್ದಾಗ ಪುಣೆ ಹತ್ತಿರದ ಖಡಕವಾಸಲಾ ಕೆರೆಯ ನೀರು ಸಾಲದಾಗಿತ್ತು. ಕಟ್ಟೆಯನ್ನು ಎತ್ತರಿಸಲು ಖರ್ಚು ಬಹಳ. ಕೋಡಿಯ ಮೇಲೆ ಗೇಟು ಕೂಡಿಸಿ ಸುಮಾರು 8 ಅಡಿ ಹೆಚ್ಚು ನೀರು ನಿಲ್ಲುವಂತೆ ಮಾಡಿದರು. ನೀರು ಮಿತಿ ಮೀರಿದಾಗ ಆ ನೀರಿನ ಬಲದಿಂದಲೇ ಗೇಟು ತೆರೆದು, ಇಳಿದಾಗ ತಾನೇ ಮುಚ್ಚಿಕೊಳ್ಳುತ್ತಿತ್ತು. 1903ರಲ್ಲಿ ಅಲ್ಲಿ ಕೂಡಿಸಿದ ಈ ಗೇಟು ಮುಂದೆ ಗ್ವಾಲಿಯರ್‌ನ ತಿಗ್ರಾ ಅಣೆಕಟ್ಟಿಗೂ ನಮ್ಮ ಕೃಷ್ಣರಾಜಸಾಗರಕ್ಕೂ ಹೋಯಿತು. ಪೇಟೆಂಟ್ ಅವರ ಹೆಸರಿನಲ್ಲೇ ಇತ್ತು, ಆದರೆ ಸರ್ಕಾರದ ನೌಕರಿಯಲ್ಲಿದ್ದು ಮಾಡಿದ ಕೆಲಸ ಎಂದು ರಾಯಧನ ತೆಗೆದುಕೊಳ್ಳಲಿಲ್ಲ. ಅವರ ಪ್ರಾಮಾಣಿಕತೆಯನ್ನು ಎಲ್ಲರೂ ಹೊಗಳುತ್ತಾರೆ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು, ಹಣ ಬೇಡವಾಗಿದ್ದರೂ ಅವರು ಬರೆದು ದಾಖಲಿಸಿದ್ದು.

ಮತ್ತೆ ಹತ್ತಿಗೆ ಬರೋಣ. 2002ರಲ್ಲಿ ಬಿಟಿ ಹತ್ತಿಗೆ ಅನುಮತಿ ಸಿಕ್ಕಿತು. ಮೊದಮೊದಲು 450 ಗ್ರಾಂ ಬೀಜದ ಪಾಕೀಟಿಗೆ 1,600 ರೂಪಾಯಿ, ಅದರಲ್ಲಿ 1,250 ರೂಪಾಯಿ ತಂತ್ರಜ್ಞಾನದ ಶುಲ್ಕ. ಆಂಧ್ರ ಸರ್ಕಾರ ಏಕಸ್ವಾಮ್ಯ ಆಯೋಗಕ್ಕೆ ದೂರು ಕೊಟ್ಟ ಮೇಲೆ 2006ರಲ್ಲಿ ಬೆಲೆ 750ಕ್ಕೆ ಇಳಿಯಿತು. ವಿಚಿತ್ರವೆಂದರೆ ಮೊದಲ ತಲೆಮಾರಿನ ಆ ಬಿಟಿ ಜೀನ್‌ಗೆ ಭಾರತದಲ್ಲಿ ಪೇಟೆಂಟೇ ಇರಲಿಲ್ಲ! ಪೇಟೆಂಟ್ ಇದ್ದದ್ದು ಆಮೇಲೆ ಬಂದ ಎರಡನೆಯದಕ್ಕೆ. ಪೇಟೆಂಟ್ ದೇಶ ದೇಶಕ್ಕೆ ಬೇರೆ, ಅಮೆರಿಕದಲ್ಲಿ ಪಡೆದದ್ದು ಇಲ್ಲಿ ನಡೆಯುವುದಿಲ್ಲ. ಪೇಟೆಂಟ್ ಕಚೇರಿಯ ದಾಖಲೆ ಯಾರು ಬೇಕಾದರೂ ನೋಡಬಹುದಾದದ್ದು. ಆದರೆ ಪಾಕೀಟು ಕೊಂಡ ರೈತನಿಗೆ ಅದನ್ನು ಓದಿ ಹೇಳುವವರು ಯಾರಿದ್ದರು?

ಔಷಧಿಯ ವಿಷಯದಲ್ಲಿ ನಮ್ಮ ದೇಶ ಜಾಣತನ ತೋರಿತು. ನ್ಯಾಯಮೂರ್ತಿ ರಾಜಗೋಪಾಲ ಅಯ್ಯಂಗಾರ್ ಅವರ 1959ರ ವರದಿಯ ಆಧಾರದ ಮೇಲೆ 1970ರ ಪೇಟೆಂಟ್ ಕಾಯ್ದೆ ಬಂತು, 1972ರಲ್ಲಿ ಜಾರಿಯಾಯಿತು. ನಮ್ಮ ಶಾಲೆ ಹುಟ್ಟಿದ ದಶಕವೇ ಅದು. ಔಷಧಿಗೆ ಪೇಟೆಂಟ್ ಇಲ್ಲ, ಅದನ್ನು ತಯಾರಿಸುವ ವಿಧಾನಕ್ಕೆ ಮಾತ್ರ ಎಂದು ಈ ಕಾಯ್ದೆ ಹೇಳಿತು. ಅದೇ ಗುಳಿಗೆಯನ್ನು ಬೇರೆ ವಿಧಾನದಿಂದ ಮಾಡಲು ನಮ್ಮ ಕಂಪನಿಗಳಿಗೆ ದಾರಿಯಾಯಿತು. ನಮ್ಮೂರ ಔಷಧಿ ಅಂಗಡಿಯಲ್ಲಿ ಸೋವಿಯಾಗಿ ಸಿಗುವ ಎಷ್ಟೋ ಗುಳಿಗೆಗಳ ಹಿಂದೆ ಈ ಕಾಯ್ದೆ ಇದೆ. 2005ರಿಂದ ಔಷಧಿಗೂ 20 ವರ್ಷದ ಪೇಟೆಂಟ್ ಕೊಡಬೇಕಾಯಿತು. ಆದರೂ ಕಾನೂನಿನಲ್ಲಿ ಒಂದು ಬಾಗಿಲು ಉಳಿದಿದೆ. ಯಕೃತ್ತು, ಮೂತ್ರಪಿಂಡದ ಕ್ಯಾನ್ಸರಿನ ನೆಕ್ಸಾವರ್ ಎಂಬ ಗುಳಿಗೆಗೆ ತಿಂಗಳಿಗೆ ಸುಮಾರು 2.8 ಲಕ್ಷ ರೂಪಾಯಿ ಇತ್ತು. 2012ರ ಮಾರ್ಚ್‌ನಲ್ಲಿ ಸರ್ಕಾರ ಕಡ್ಡಾಯ ಲೈಸೆನ್ಸ್ ಕೊಟ್ಟು, ಹೈದರಾಬಾದಿನ ನಾಟ್ಕೊ ಕಂಪನಿ ಅದನ್ನು 8,880 ರೂಪಾಯಿಗೆ ಮಾರುವಂತೆ ಮಾಡಿತು.

ಇನ್ನು ಅರಿಷಿಣ. ಗಾಯಕ್ಕೆ ಅರಿಷಿಣ ಹಚ್ಚುವುದನ್ನು ನಮ್ಮಲ್ಲಿ ಯಾರಿಗೂ ಹೇಳಿಕೊಡಬೇಕಾಗಿಲ್ಲ. 1995ರಲ್ಲಿ ಅಮೆರಿಕದ ಮಿಸಿಸಿಪ್ಪಿ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರಕ್ಕೆ ಇದೇ ಉಪಯೋಗದ ಮೇಲೆ ಪೇಟೆಂಟ್ ಸಿಕ್ಕಿತು. ನಮ್ಮ ಸಿಎಸ್ಐಆರ್ ಸಂಸ್ಥೆ ತಕರಾರು ಹಾಕಿ 1997ರಲ್ಲಿ ಅದನ್ನು ರದ್ದು ಮಾಡಿಸಿತು. ‘ನಮ್ಮಜ್ಜಿ ಹಚ್ಚುತ್ತಿದ್ದಳು’ ಎಂಬ ಬಾಯಿಮಾತನ್ನು ಅಲ್ಲಿ ಕೇಳುವವರಿರಲಿಲ್ಲ. ಹಳೆಯ ಗ್ರಂಥಗಳನ್ನು, 1953ರಲ್ಲಿ ಭಾರತೀಯ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಅಚ್ಚಾದ ಲೇಖನವನ್ನು ಮುಂದಿಟ್ಟಾಗ ಒಪ್ಪಿದರು.

ಇದನ್ನು ಓದಿದಾಗಲೆಲ್ಲ ನಮ್ಮ ಬಡಿಗೇರರ, ಕಮ್ಮಾರರ ಕೈಕೆಲಸ ನೆನಪಾಗುತ್ತದೆ. ಕೂರಿಗೆಯ ತಾಳುಗಳ ನಡುವೆ ಯಾವ ಬೆಳೆಗೆ ಎಷ್ಟು ಅಂತರ, ಎರೆಗೆ ಹೇಗೆ, ಮಸಾರಿಗೆ ಹೇಗೆ, ಕುಂಟೆಯ ಕುಡ ಎಷ್ಟು ಬಾಗಬೇಕು ಎಂಬುದೆಲ್ಲ ಅವರ ಕೈಯಲ್ಲಿತ್ತು. ಟ್ರ್ಯಾಕ್ಟರ್ ಬಂದ ಮೇಲೆ ಕುಲುಮೆಗಳು ಒಂದೊಂದಾಗಿ ಆರಿದವು. ಆ ಅಳತೆಗಳನ್ನು ಯಾರೂ ಬರೆದುಕೊಂಡಿಲ್ಲ.

ನಮ್ಮ ನೆರೆಯ ಅಣ್ಣಿಗೇರಿಯ ಅಬ್ದುಲ್ ಖಾದರ್ ನಡಕಟ್ಟಿನ ಅವರ ಕಥೆ ಮಾತ್ರ ದಾಖಲೆಗೆ ಬಂತು. ಹೈಸ್ಕೂಲು ಮುಗಿದ ಮೇಲೆ ಅವರ ಓದು ಮುಂದುವರಿಯಲಿಲ್ಲ, ಒಕ್ಕಲುತನಕ್ಕೆ ಇಳಿದರು. ಬೆಳಗಿನ ಜಾವ ಎಚ್ಚರವಾಗದ್ದಕ್ಕೆ ಮಾಡಿಕೊಂಡದ್ದು ಅವರ ಮೊದಲ ಯಂತ್ರ. ಅಲಾರಾಂ ಗಡಿಯಾರದ ಕೀಲಿಗೆ ದಾರ, ದಾರದ ತುದಿಗೆ ನೀರಿನ ಬಾಟಲಿ. ಕೀಲಿ ತಿರುಗಿದಂತೆ ದಾರ ಸುತ್ತಿ ಬಾಟಲಿ ಬಾಗಿ ಮುಖದ ಮೇಲೆ ನೀರು! ಆಮೇಲೆ ಕಡಿಮೆ ಉರುವಲಿನಲ್ಲಿ ಸ್ನಾನದ ನೀರು ಕಾಯಿಸುವ ಬಾಯ್ಲರ್, ಹುಣಸೆಹಣ್ಣಿನ ಬೀಜ ಬಿಡಿಸುವ ಯಂತ್ರ, ಕುಡ ಮಾಡುವ ಯಂತ್ರ, ಬೀಜ ಗೊಬ್ಬರ ಒಟ್ಟಿಗೆ ಬಿತ್ತುವ ಟ್ರ್ಯಾಕ್ಟರ್ ಕೂರಿಗೆ, ಕಬ್ಬು ನಾಟಿ ಮಾಡುವ ಯಂತ್ರ ಬಂದವು. 2015ರಲ್ಲಿ ರಾಷ್ಟ್ರೀಯ ನಾವೀನ್ಯತಾ ಪ್ರತಿಷ್ಠಾನದ ಜೀವಮಾನ ಸಾಧನೆ ಪ್ರಶಸ್ತಿ, 2022ರಲ್ಲಿ ಪದ್ಮಶ್ರೀ ಅವರಿಗೆ ಸಂದವು.

ಕಾನೂನಿನ ಕೆಲವು ಮಾತು ನಮ್ಮವರಿಗೆ ಗೊತ್ತಿರಬೇಕು. ಬೇಸಾಯದ ಪದ್ಧತಿಗೆ ಪೇಟೆಂಟ್ ಇಲ್ಲ, ಆದರೆ ಬೇಸಾಯದ ಸಲಕರಣೆಗೆ ಇದೆ. ಪರಂಪರೆಯ ತಿಳಿವಳಿಕೆಗೆ ಇಲ್ಲ. ಬರೀ ಕಂಪ್ಯೂಟರ್ ಪ್ರೋಗ್ರಾಂಗೂ ಇಲ್ಲ, ಹಾಗಾಗಿ ನನ್ನ ಕಸುಬಿಗೆ ಇದರಿಂದ ಹೆಚ್ಚೇನೂ ಲಾಭವಿಲ್ಲ. ಎಲ್ಲಕ್ಕಿಂತ ಮುಖ್ಯವಾದದ್ದು, ಅರ್ಜಿ ಹಾಕುವ ಮೊದಲು ಯಂತ್ರವನ್ನು ಬಹಿರಂಗವಾಗಿ ತೋರಿಸಬಾರದು. ನಮ್ಮ ರೈತ ಹೊಸದೊಂದು ಮಾಡಿದ ಕೂಡಲೇ ಮೇಳಕ್ಕೆ ಒಯ್ದು ನಿಲ್ಲಿಸುತ್ತಾನೆ, ಪತ್ರಿಕೆಯಲ್ಲಿ ಫೋಟೋ ಬರುತ್ತದೆ. ಆಮೇಲೆ ಅರ್ಜಿ ಹಾಕಿದರೆ ಅದು ‘ಹೊಸದು’ ಅಲ್ಲ ಎಂದು ತಳ್ಳಿಹಾಕಬಹುದು. ಮೊದಲು ತಾತ್ಕಾಲಿಕ ವಿವರಣೆಯೊಂದಿಗೆ ಅರ್ಜಿ ಹಾಕಿ ತಾರೀಕು ಹಿಡಿದುಕೊಂಡರೆ, ಪೂರ್ಣ ವಿವರಣೆ ಕೊಡಲು 12 ತಿಂಗಳು ಸಮಯವಿರುತ್ತದೆ. ವ್ಯಕ್ತಿಯೊಬ್ಬರು ಆನ್‌ಲೈನ್‌ನಲ್ಲಿ ಹಾಕುವ ಅರ್ಜಿಗೆ ಶುಲ್ಕ 1,600 ರೂಪಾಯಿ. ಕರ್ನಾಟಕದ ಅರ್ಜಿಗಳನ್ನು ನೋಡುವುದು ಚೆನ್ನೈ ಕಚೇರಿ. ಖರ್ಚು ಬೀಳುವುದು ವಕೀಲರಿಂದ ವಿವರಣೆ ಬರೆಸಲು. ರೈತರು, ಕುಶಲಕರ್ಮಿಗಳಿಗೆ ಆ ನೆರವು ಕೊಡಲೆಂದೇ 2000ದಲ್ಲಿ ರಾಷ್ಟ್ರೀಯ ನಾವೀನ್ಯತಾ ಪ್ರತಿಷ್ಠಾನ ಆರಂಭವಾಯಿತು.

ಶಾಲೆಯ ಮಕ್ಕಳಿಗೆ ‘ಇನ್‌ಸ್ಪೈರ್ ಮಾನಕ್’ ಯೋಜನೆ ಇದೆ. ಮಕ್ಕಳ ವಿಚಾರಗಳಲ್ಲಿ ಉತ್ತಮವಾದ ಐದನ್ನು ಶಾಲೆಯಿಂದ ಕಳಿಸಬಹುದು, ಆಯ್ಕೆಯಾದ ವಿದ್ಯಾರ್ಥಿಗೆ ಮಾದರಿ ತಯಾರಿಸಲು 10,000 ರೂಪಾಯಿ ಸಿಗುತ್ತದೆ. ಗುರುಗಳು ಕಳಿಸುವ ಐದರಲ್ಲಿ ಒಂದಾದರೂ ಊರ ಕುಲುಮೆಗೆ ಹೋಗಿ, ಕೂರಿಗೆ ಮಾಡಿದ ಹಿರಿಯರನ್ನು ಕೇಳಿ, ಅಳತೆ ಬರೆದುಕೊಂಡು ಬಂದದ್ದಾಗಿರಲಿ. ವಿವರಣೆ ಬರೆಯುವ ಕೆಲಸ ಇದ್ದರೆ ಬೆಂಗಳೂರಿನಲ್ಲಿರುವ ನಮ್ಮಂಥ ಹಳೆಯ ವಿದ್ಯಾರ್ಥಿಗಳು ರವಿವಾರಗಳಲ್ಲಿ ಕೂತು ಬರೆದುಕೊಡುತ್ತೇವೆ.