ಮೌನವೇ ಗುರುವಾದ ನಟ: ಲಾನ್ ಚೇನಿ

ಭರತಮುನಿಯು ಅಭಿನಯವನ್ನು ಆಂಗಿಕ, ವಾಚಿಕ, ಆಹಾರ್ಯ, ಸಾತ್ತ್ವಿಕ ಎಂದು ನಾಲ್ಕು ಬಗೆಯಾಗಿ ವಿಂಗಡಿಸಿರುವುದನ್ನು ವಾಚಕರು ಬಲ್ಲರು. ಇವುಗಳಲ್ಲಿ ವಾಚಿಕವು ಸಂಪೂರ್ಣವಾಗಿ ಲೋಪವಾದರೆ ನಟನು ಏನು ಮಾಡಬಲ್ಲನು ಎಂಬ ಪ್ರಶ್ನೆಯನ್ನು ಶಾಸ್ತ್ರಕಾರರು ಎತ್ತುವ ಪ್ರಸಂಗವಿರಲಿಲ್ಲ. ಅಮೆರಿಕಾ ದೇಶದ ಮೂಕಚಿತ್ರಗಳ ಕಾಲದಲ್ಲಿ ಆ ಪ್ರಶ್ನೆಯು ತಾನಾಗಿಯೇ ಎದುರುನಿಂತಿತು. ಅದಕ್ಕೆ ಉತ್ತರಕೊಟ್ಟವರಲ್ಲಿ ಲಾನ್ ಚೇನಿಯು ಅಗ್ರಗಣ್ಯನು. ಲೋಕವು ಆತನನ್ನು ‘ಸಹಸ್ರಮುಖದ ಮನುಷ್ಯ’ನೆಂದು ಕರೆದು, ಆತನ ಹಿರಿಮೆಯೆಲ್ಲವೂ ಬಣ್ಣದ ಪೆಟ್ಟಿಗೆಯಲ್ಲಿತ್ತೆಂದು ನಂಬಿಕೊಂಡಿತು. ಇದು ಅರ್ಧಸತ್ಯ. ಆತನ ವಿದ್ಯೆಯ ಮೂಲವು ಆಹಾರ್ಯದಲ್ಲಿರಲಿಲ್ಲ. ಆತನು ಹುಟ್ಟಿಬೆಳೆದ ಮನೆಯ ಮೌನದಲ್ಲಿತ್ತು.

ಚೇನಿಯು 1883ನೆಯ ಇಸವಿ ಏಪ್ರಿಲ್ 1ರಂದು ಕೊಲೊರಾಡೊ ಸಂಸ್ಥಾನದ ಕೊಲೊರಾಡೊ ಸ್ಪ್ರಿಂಗ್ಸ್ ಎಂಬ ಊರಿನಲ್ಲಿ ಜನಿಸಿದನು. ತಂದೆಯು ಕ್ಷೌರಿಕವೃತ್ತಿಯವನು. ತಂದೆತಾಯಿಗಳಿಬ್ಬರಿಗೂ ಕಿವಿ ಕೇಳಿಸುತ್ತಿರಲಿಲ್ಲ. ತಾಯಿಯ ತಂದೆಯಾದ ಜೊನಾಥನ್ ಕೆನಡಿಯು ಕಿವುಡಮಕ್ಕಳಿಗಾಗಿ ಆ ಊರಿನಲ್ಲಿ 1874ರಲ್ಲಿ ಪಾಠಶಾಲೆಯೊಂದನ್ನು ಸ್ಥಾಪಿಸಿದವನು. ಹೀಗೆ ಬೆರಳುಗಳ ಸಂಜ್ಞೆಯೇ ಆ ಮನೆಯ ಮಾತೃಭಾಷೆಯಾಗಿತ್ತು. ಲಾನನು ಇನ್ನೂ ಬಾಲಕನಾಗಿದ್ದಾಗ ತಾಯಿಯು ಸಂಧಿವಾತದಿಂದ ಹಾಸಿಗೆ ಹಿಡಿದಳು. ಹುಡುಗನು ನಾಲ್ಕನೆಯ ತರಗತಿಯ ಹೊತ್ತಿಗೆ ಶಾಲೆಯನ್ನು ಬಿಟ್ಟು ಆಕೆಯ ಶುಶ್ರೂಷೆಗೆ ನಿಂತನು. ಹೊರಗಿನ ಬೀದಿಯಲ್ಲಿ ಕಂಡದ್ದನ್ನೆಲ್ಲ ಸಂಜೆ ಬಂದು ಆಕೆಗೆ ತಿಳಿಸಬೇಕು. ತಿಳಿಸುವ ಬಗೆಯಾದರೂ ಯಾವುದು? ಅಂಗಡಿಯವನ ಗರ್ವವನ್ನು ಕತ್ತಿನಿಂದ, ಮುದುಕಿಯ ಆಯಾಸವನ್ನು ಹೆಗಲಿನಿಂದ, ಕುಡುಕನ ನಡಿಗೆಯನ್ನು ಮೊಳಕಾಲಿನಿಂದ ತೋರಿಸಬೇಕು. ನೋಡುವವಳು ಒಬ್ಬಳೇ, ಅವಳು ನಕ್ಕರೆ ಅಭಿನಯವು ಸಾರ್ಥಕ. ಇದಕ್ಕಿಂತ ಕಠಿನವಾದ ನಾಟ್ಯಶಾಲೆಯು ಮತ್ತೊಂದಿರಲಾರದು.

ಮೊದಲು ಊರಿನ ನಾಟಕಮಂದಿರದಲ್ಲಿ ಪರಿಕರಗಳನ್ನು ಹೊಂದಿಸುವ ಹುಡುಗನಾಗಿದ್ದು, 1902ರಿಂದ ಸಂಚಾರಿ ಸಂಗೀತನಾಟಕ ಮಂಡಲಿಗಳಲ್ಲಿ ಆತನು ನಟನೂ ನರ್ತಕನೂ ಆಗಿ ಅಲೆದನು. 1905ರಲ್ಲಿ ಕ್ಲೀವಾ ಕ್ರೈಟನ್ ಎಂಬ ಹದಿನಾರು ವರ್ಷದ ಗಾಯಕಿಯನ್ನು ವಿವಾಹವಾದನು. ಮರುವರ್ಷ ಕ್ರೈಟನ್ ಎಂಬ ಮಗನು ಹುಟ್ಟಿದನು. ದಾಂಪತ್ಯವು ಸುಖಕರವಾಗಲಿಲ್ಲ. 1913ರ ಏಪ್ರಿಲ್ ತಿಂಗಳಿನಲ್ಲಿ ಲಾಸ್ ಏಂಜಲೀಸಿನ ನಾಟಕಶಾಲೆಯೊಂದರಲ್ಲಿ, ಗಂಡನು ಕೆಲಸದಲ್ಲಿದ್ದಾಗ, ಆಕೆಯು ಪಾದರಸದ ವಿಷವನ್ನು ಕುಡಿದಳು. ಪ್ರಾಣವು ಉಳಿಯಿತು; ಆದರೆ ಹಾಡುವ ಕಂಠವು ಹೋಯಿತು. ಅಪಕೀರ್ತಿಗೆ ಹೆದರಿದ ನಾಟಕದವರ ಬಾಗಿಲುಗಳು ಚೇನಿಗೆ ಮುಚ್ಚಿದುವು. ವಿವಾಹವು ಮುರಿಯಿತು. ಆ ದಿನಗಳಲ್ಲಿ ನಾಟಕದವರು ಕೀಳೆಂದು ಭಾವಿಸುತ್ತಿದ್ದ ಚಲಚ್ಚಿತ್ರಗಳ ಕಡೆಗೆ ಆತನು ತಿರುಗಿದುದು ಈ ದುಃಖದಿಂದಲೇ ಹೊರತು ಆಸೆಯಿಂದಲ್ಲ.

ಯೂನಿವರ್ಸಲ್ ಸಂಸ್ಥೆಯಲ್ಲಿ ಕೆಲವು ವರ್ಷಗಳ ಕಾಲ ಸಣ್ಣ ಪಾತ್ರಗಳನ್ನು ಲೆಕ್ಕವಿಲ್ಲದೆ ಧರಿಸಿದನು. ಬೆಳಗ್ಗೆ ಪಾತ್ರವನ್ನು ಹಂಚುವಾಗ ಯಾವ ಮುಖ ಬೇಕೆಂದರೆ ಆ ಮುಖವನ್ನು ತಾನೇ ಮಾಡಿಕೊಂಡು ಬರುವವನಿಗೆ ಕೂಲಿಯು ತಪ್ಪುತ್ತಿರಲಿಲ್ಲ. ವೇತನವನ್ನು ವಾರಕ್ಕೆ 125 ಡಾಲರಿಗೆ ಏರಿಸಬೇಕೆಂದು ಕೇಳಿ, ಇಲ್ಲವೆನಿಸಿಕೊಂಡು, ಆ ಸಂಸ್ಥೆಯನ್ನು ಬಿಟ್ಟನು. 1919ರಲ್ಲಿ ‘ದಿ ಮಿರಾಕಲ್ ಮ್ಯಾನ್’ ಎಂಬ ಚಿತ್ರವು ಆತನ ದೆಸೆಯನ್ನು ತಿರುಗಿಸಿತು. ಅದರಲ್ಲಿ ಆತನು ‘ಕಪ್ಪೆ’ ಎಂಬ ಅಡ್ಡಹೆಸರಿನ ವಂಚಕನು. ಅಂಗಗಳು ಸೊಟ್ಟಗಾದ ಹೆಳವನಂತೆ ತೆವಳಿಬಂದು, ಜನಸಮೂಹದೆದುರಿಗೆ ಪವಾಡದಿಂದ ಗುಣಹೊಂದಿದವನಂತೆ ಒಂದೊಂದೇ ಕೀಲನ್ನು ಬಿಚ್ಚಿಕೊಂಡು ಎದ್ದುನಿಲ್ಲಬೇಕು. ಈ ಚಿತ್ರದ ಕೆಲವು ತುಣುಕುಗಳು ಮಾತ್ರ ಇಂದು ಉಳಿದಿವೆ. ಅದೃಷ್ಟವಶಾತ್ ಈ ಭಾಗವು ಅವುಗಳಲ್ಲಿ ಸೇರಿದೆ. ಅದನ್ನು ಕಂಡವರಿಗೆ ಬಣ್ಣದ ಪೆಟ್ಟಿಗೆಯ ಮಾತು ನೆನಪಿಗೂ ಬಾರದು. ಅಲ್ಲಿ ಕೆಲಸಮಾಡುವುದು ಅಂಗವೊಂದೇ.

ಮರುವರ್ಷದ ‘ದಿ ಪೆನಾಲ್ಟಿ’ಯಲ್ಲಿ, ವೈದ್ಯನೊಬ್ಬನ ತಪ್ಪಿನಿಂದ ಬಾಲ್ಯದಲ್ಲಿಯೇ ಎರಡು ಕಾಲುಗಳನ್ನೂ ಕಳೆದುಕೊಂಡು ಸೇಡಿಗಾಗಿ ಬದುಕುವ ಪಾತಕಿಯ ಪಾತ್ರ. ಚೇನಿಯು ತನ್ನ ಕಾಲುಗಳನ್ನು ಹಿಂದಕ್ಕೆ ಮಡಚಿ ತೊಡೆಗೆ ಬಿಗಿದುಕೊಂಡು, ಮೊಳಕಾಲುಗಳನ್ನು ಚರ್ಮದ ಗುಂಡಿಗೆಗಳಲ್ಲಿ ಇಳಿಸಿ ನಡೆದನು. ರಕ್ತಸಂಚಾರವು ನಿಲ್ಲುತ್ತಿದ್ದುದರಿಂದ ಸ್ವಲ್ಪ ಹೊತ್ತಿಗೊಮ್ಮೆ ಕಟ್ಟುಗಳನ್ನು ಬಿಚ್ಚಲೇಬೇಕಾಗಿತ್ತು. ಆದರೂ ಆ ಕುಂಟನು ಗೋಡೆಯ ಗೂಟಗಳನ್ನು ಹಿಡಿದು ಏರುವುದನ್ನು ನೋಡುವಾಗ ನಟನ ನೋವು ಕಾಣಿಸುವುದಿಲ್ಲ, ಪಾತಕಿಯ ಹಟವು ಕಾಣಿಸುತ್ತದೆ. 1923ರ ‘ನೋತ್ರ್ ದಾಮಿನ ಗೂನ’ನ ಪಾತ್ರದಲ್ಲಿಯೂ ಹೀಗೆಯೇ. ಬೆನ್ನಿಗೆ ಕಟ್ಟಿದ್ದ ಗೂನಿನ ತೂಕವು 70 ಪೌಂಡೆಂದು ಪ್ರಚಾರಕರು ಸಾರಿದರು. ನಿಜವಾಗಿ ಅದು ಬಹಳ ಕಡಿಮೆಯದು. ತೂಕದ ಮಾತು ಹಾಗಿರಲಿ; ವಿಕ್ಟರ್ ಹ್ಯೂಗೋ ಕವಿಯು ಸೃಷ್ಟಿಸಿದ ಆ ಗೂನನು ಗಂಟೆಗಳ ನಾದದಿಂದ ಕಿವುಡನಾದವನೆಂಬುದನ್ನು ಮರೆಯಬಾರದು. ಕಿವುಡನೊಬ್ಬನು ಎದುರಿನವರ ತುಟಿಯನ್ನೂ ಕಣ್ಣನ್ನೂ ಹೇಗೆ ಹುಡುಕುತ್ತಾನೆ, ಅರ್ಥವಾಗದಿದ್ದಾಗ ಹೇಗೆ ಕೆರಳುತ್ತಾನೆ ಎಂಬುದನ್ನು ಚೇನಿಯು ಬೇರೆ ಯಾರಿಂದಲೂ ಕಲಿಯಬೇಕಾಗಿರಲಿಲ್ಲ.

1925ರ ‘ದಿ ಫ್ಯಾಂಟಮ್ ಆಫ್ ದಿ ಆಪೆರಾ’ದ ಕಪಾಲಮುಖವು ಜಗತ್ಪ್ರಸಿದ್ಧವಾದುದು, ಅದನ್ನು ವಿಸ್ತರಿಸುವ ಅವಶ್ಯಕತೆಯಿಲ್ಲ. ಮುಖಾಲಂಕಾರದಲ್ಲಿ ಆತನ ಪ್ರಾವೀಣ್ಯವು ಎಷ್ಟಿತ್ತೆಂದರೆ, ಬ್ರಿಟಾನಿಕಾ ವಿಶ್ವಕೋಶದ 1929ರ ಹದಿನಾಲ್ಕನೆಯ ಆವೃತ್ತಿಗೆ ಆ ವಿಷಯದ ಲೇಖನವನ್ನು ಆತನೇ ಬರೆದುಕೊಟ್ಟನು. ಶಾಲೆಯನ್ನು ಅರ್ಧಕ್ಕೆ ಬಿಟ್ಟ ಹುಡುಗನಿಗೆ ಇದು ಸಾಮಾನ್ಯ ಗೌರವವಲ್ಲ. ಆದರೆ ‘ಟೆಲ್ ಇಟ್ ಟು ದಿ ಮೆರೀನ್ಸ್’ ಎಂಬ 1926ರ ಚಿತ್ರದಲ್ಲಿ ಯಾವ ವಿಕಾರವೂ ಇಲ್ಲದ ತನ್ನ ಸ್ವಂತ ಮುಖದಿಂದಲೇ ಒರಟು ಸೈನಿಕನ ಪಾತ್ರವನ್ನು ಧರಿಸಿ ಆತನು ಪಡೆದ ಯಶಸ್ಸನ್ನು ಬಹಳ ಮಂದಿ ಮರೆಯುತ್ತಾರೆ. ನೌಕಾಸೈನ್ಯದವರು ಮೆಚ್ಚಿ ಆತನನ್ನು ತಮ್ಮ ಗೌರವಸದಸ್ಯನನ್ನಾಗಿ ಮಾಡಿಕೊಂಡರು. ಟಾಡ್ ಬ್ರೌನಿಂಗ್ ನಿರ್ದೇಶಿಸಿದ 1927ರ ‘ದಿ ಅನ್‌ನೋನ್’ ಚಿತ್ರದಲ್ಲಿ, ತೋಳುಗಳಿಲ್ಲದವನೆಂದು ನಟಿಸಿ, ಪ್ರೇಮಕ್ಕಾಗಿ ಅವುಗಳನ್ನು ನಿಜವಾಗಿಯೂ ಕತ್ತರಿಸಿಕೊಂಡು, ಅದು ವ್ಯರ್ಥವೆಂದು ತಿಳಿದ ಕ್ಷಣದಲ್ಲಿ ಆತನ ಮುಖದಲ್ಲಿ ನಗುವೂ ಅಳುವೂ ಬೇರ್ಪಡಿಸಲಾರದಂತೆ ಕೂಡಿಬರುತ್ತವೆ. ಕಾಲಿನಿಂದ ಮಾಡುವ ಕೆಲವು ಕೆಲಸಗಳನ್ನು ಆ ಚಿತ್ರದಲ್ಲಿ ನಿಜವಾಗಿಯೂ ತೋಳಿಲ್ಲದ ಮತ್ತೊಬ್ಬನು ಮಾಡಿದನು. ಆ ಮುಖವನ್ನು ಮಾತ್ರ ಬೇರೆ ಯಾರೂ ಮಾಡಲಾಗುತ್ತಿರಲಿಲ್ಲ, ಸಾತ್ತ್ವಿಕವೆಂದರೆ ಅದು.

ಇಷ್ಟು ಕೀರ್ತಿಯನ್ನು ಗಳಿಸಿದವನು ಜನರ ಕಣ್ಣಿಗೆ ಬೀಳುತ್ತಿರಲಿಲ್ಲ. ಚಿತ್ರಗಳ ಪ್ರಥಮ ಪ್ರದರ್ಶನಕ್ಕೆ ಹೋಗುವುದು ಅಪೂರ್ವ. ಪತ್ರಿಕೆಯವರೊಡನೆ ಸಂಭಾಷಣೆ ಅದಕ್ಕಿಂತಲೂ ಅಪೂರ್ವ. ಒಂದು ಚಿತ್ರಕ್ಕೂ ಮತ್ತೊಂದಕ್ಕೂ ನಡುವೆ ಲಾನ್ ಚೇನಿಯೆಂಬವನು ಇರುವುದೇ ಇಲ್ಲವೆಂದು ಆತನು ಹೇಳಿಬಿಡುತ್ತಿದ್ದನು. ನೆಲದ ಮೇಲೆ ಜೇಡವನ್ನು ಕಂಡರೆ ತುಳಿಯಬೇಡಿರಿ, ಅದು ಚೇನಿಯಾಗಿದ್ದೀತು ಎಂಬ ಪರಿಹಾಸವು ಆಗ ಬಾಯಿಂದ ಬಾಯಿಗೆ ಹರಡಿತ್ತು. ಬಿಡುವಿನಲ್ಲಿ ಎರಡನೆಯ ಹೆಂಡತಿಯಾದ ಹೇಜಲಳೊಡನೆ ಸಿಯೆರಾ ನೆವಾಡಾ ಪರ್ವತಗಳಿಗೆ ಹೋಗಿ ಮೀನುಹಿಡಿಯುತ್ತ ಕಾಲಕಳೆಯುತ್ತಿದ್ದನು. ಅಲ್ಲಿ ಆತನಿಗೆ ಕಲ್ಲಿನ ಕುಟೀರವನ್ನು ಯೋಜಿಸಿಕೊಟ್ಟವನು ಪಾಲ್ ವಿಲಿಯಮ್ಸ್ ಎಂಬ ಪ್ರಸಿದ್ಧ ನೀಗ್ರೋ ಶಿಲ್ಪಿ. ಅದು ಈಗಲೂ ನಿಂತಿದೆ.

ಈ ಗೋಪನಶೀಲವನ್ನು ಗುಣವೆಂದೇ ಹೊಗಳಿ ಮುಂದೆಹೋಗುವುದು ಸುಲಭ, ನ್ಯಾಯವಲ್ಲ. ಮಗನಾದ ಕ್ರೈಟನನಿಗೆ, ಹೆತ್ತ ತಾಯಿಯು ತೀರಿಹೋದಳೆಂದು ಬಾಲ್ಯದಲ್ಲಿ ತಿಳಿಸಲಾಗಿತ್ತು. ಆಕೆಯು ಬದುಕಿಯೇ ಇದ್ದಳು. ತಂದೆಯ ಮರಣಾನಂತರವೇ ಈ ಸಂಗತಿಯು ಮಗನಿಗೆ ಗೊತ್ತಾಯಿತು. ತನ್ನ ತಾಯಿಯ ಮೌನಕ್ಕೆ ಅರ್ಥವನ್ನು ತಂದುಕೊಟ್ಟವನು, ಮಗನ ತಾಯಿಯ ಸುತ್ತ ಬೇರೊಂದು ಮೌನವನ್ನು ಕಟ್ಟಿದನು. ಆ ದುರಂತದ ನೋವು ಆತನಿಗೂ ಅಷ್ಟೇ ಆಗಿದ್ದಿರಬಹುದು. ಹುಡುಗನಿಗಾದ ನಷ್ಟವು ಅದರಿಂದ ತುಂಬಿಬರುವುದಿಲ್ಲ.

ಅಷ್ಟರಲ್ಲಿ ವಾಕ್ಚಿತ್ರಗಳು ಬಂದುವು. ಕಿವುಡರೂ ಇತರರೊಡನೆ ಸಮನಾಗಿ ಕುಳಿತು ನೋಡುತ್ತಿದ್ದ ಏಕೈಕ ರಂಗವು ಹೀಗೆ ಅವರ ಕೈತಪ್ಪಿತು. ಚೇನಿಯು ಮಾತನಾಡಲು ಬಹುಕಾಲ ಒಪ್ಪಲಿಲ್ಲ. ಕಡೆಗೆ 1930ರಲ್ಲಿ ತನ್ನ ಹಳೆಯ ಚಿತ್ರವಾದ ‘ದಿ ಅನ್‌ಹೋಲಿ ಥ್ರೀ’ಯನ್ನೇ ಮಾತಿನೊಡನೆ ಪುನಃ ಅಭಿನಯಿಸಿದನು. ಗಾರುಡಿ, ಮುದುಕಿ, ಗಿಳಿ, ಬೊಂಬೆ, ಹುಡುಗಿ ಎಂಬ ಐದು ಧ್ವನಿಗಳೂ ತನ್ನವೇ ಎಂದು ಪ್ರಮಾಣಪತ್ರಕ್ಕೆ ಸಹಿಹಾಕಿಕೊಟ್ಟನು. ಮುಖದಂತೆ ಕಂಠವೂ ಆತನ ಅಧೀನದಲ್ಲಿತ್ತೆಂಬುದು ಸಿದ್ಧವಾಯಿತು. ಆದರೆ ಅರ್ಬುದರೋಗವು ಆಗಲೇ ಆತನನ್ನು ಹಿಡಿದಿತ್ತು. ಚಿತ್ರವು ಪ್ರಕಟವಾದ ಕೆಲವೇ ವಾರಗಳಲ್ಲಿ ಮಾತು ನಿಂತಿತು. ಕೊನೆಯ ದಿನಗಳಲ್ಲಿ, ತಾಯಿಯ ಹಾಸಿಗೆಯ ಬಳಿಯಲ್ಲಿ ಕಲಿತ ಕೈಸಂಜ್ಞೆಗಳಿಂದಲೇ ಬೇಕುಬೇಡಗಳನ್ನು ತಿಳಿಸುತ್ತಿದ್ದನು. 1930ನೆಯ ಇಸವಿ ಆಗಸ್ಟ್ 26ರಂದು, 47ನೆಯ ವಯಸ್ಸಿನಲ್ಲಿ ತೀರಿಕೊಂಡನು. ಗ್ಲೆಂಡೇಲ್ ನಗರದ ಶ್ಮಶಾನದಲ್ಲಿರುವ ಆತನ ಸಮಾಧಿಯ ಮೇಲೆ ಹೆಸರನ್ನು ಕೆತ್ತಿಲ್ಲ. 150ಕ್ಕೂ ಮಿಕ್ಕ ಆತನ ಚಿತ್ರಗಳಲ್ಲಿ ಬಹುಭಾಗವು ನಷ್ಟವಾಗಿದೆ. ಬಣ್ಣದ ಪೆಟ್ಟಿಗೆಯು ಮಾತ್ರ ಲಾಸ್ ಏಂಜಲೀಸಿನ ವಸ್ತುಸಂಗ್ರಹಾಲಯವನ್ನು ಸೇರಿತು.

ಮಗನು ತನ್ನ ಸ್ವಂತ ಹೆಸರಿನಲ್ಲಿಯೇ ಚಿತ್ರರಂಗವನ್ನು ಪ್ರವೇಶಿಸಿದನು. ನಿರ್ಮಾಪಕರಿಗೆ ಬೇಕಾಗಿದ್ದುದು ತಂದೆಯ ಹೆಸರು. 1935ರಲ್ಲಿ, ಹೊಟ್ಟೆಪಾಡಿಗಾಗಿ, ಕ್ರೈಟನನು ಕಿರಿಯ ಲಾನ್ ಚೇನಿಯಾದನು. ಮುಖಾಲಂಕಾರವನ್ನು ತಂದೆಯಂತೆ ತಾನೇ ಮಾಡಿಕೊಳ್ಳಬೇಕೆಂಬ ಆಸೆಯು ಅವನಿಗೂ ಇತ್ತು. ಆದರೆ ಅಲಂಕಾರಕಾರರ ಸಂಘದ ನಿಯಮಗಳು ಅದಕ್ಕೆ ಅವಕಾಶಕೊಡಲಿಲ್ಲ. 1941ರ ‘ದಿ ವುಲ್ಫ್ ಮ್ಯಾನ್’ ಚಿತ್ರಕ್ಕಾಗಿ ಅವನು ಜ್ಯಾಕ್ ಪಿಯರ್ಸ್ ಎಂಬ ಅಲಂಕಾರಕಾರನ ಮುಂದೆ ಗಂಟೆಗಟ್ಟಲೆ ಕುಳಿತು, ತನ್ನ ಮುಖದ ಮೇಲೆ ತೋಳನ ರೋಮಗಳನ್ನು ಅಂಟಿಸಿಕೊಳ್ಳಬೇಕಾಯಿತು.