ಕಣ್ಣಿಗೆ ಬೀಳದ ಪ್ರತಿಕಾಯ: ಕೂಂಬ್ಸ್ ಪರೀಕ್ಷೆಯ ಸೂಕ್ಷ್ಮತೆ ಹೆಚ್ಚಿದ ಬಗೆ

ಆರ್‌ಎಚ್ ನೆಗೆಟಿವ್ ಗರ್ಭಿಣಿಯರ ಲ್ಯಾಬ್ ಚೀಟಿಯಲ್ಲಿ ‘ಐಸಿಟಿ’ ಎಂದು ಬರೆದಿರುವುದುಂಟು. ಇದು ಇನ್‌ಡೈರೆಕ್ಟ್ ಕೂಂಬ್ಸ್ ಟೆಸ್ಟ್. ಮಗುವಿನ ಕೆಂಪು ರಕ್ತಕಣಗಳನ್ನು ನಾಶಮಾಡಬಲ್ಲ ಪ್ರತಿಕಾಯ ತಾಯಿಯ ರಕ್ತದಲ್ಲಿದೆಯೇ ಎಂದು ತಿಳಿಯಲು ಇದನ್ನು ಮಾಡುತ್ತಾರೆ. ಕಣಗಳು ತೇಲುವ ದ್ರವ, ಅವುಗಳ ಮೇಲ್ಮೈ, ತೊಳೆಯುವ ಕ್ರಮ ಇವನ್ನು ಒಂದೊಂದಾಗಿ ತಿದ್ದಿದ್ದರಿಂದ ಈ ಪರೀಕ್ಷೆಯ ಸೂಕ್ಷ್ಮತೆ ಬೆಳೆಯಿತು. ಆದರೆ ಕೆಲವು ತಿದ್ದುಪಡಿಗಳಿಗೆ ಬೆಲೆಯನ್ನೂ ತೆರಬೇಕಾಯಿತು ಎಂಬುದು ಈ ಲೇಖನದ ವಾದ.

ಕೆಂಪುಕಣಗಳ ಮೈಮೇಲೆ ಋಣ ವಿದ್ಯುದಂಶವಿರುವುದರಿಂದ ಅವು ಪರಸ್ಪರ ದೂರ ನಿಲ್ಲುತ್ತವೆ. ದೊಡ್ಡ ಗಾತ್ರದ ಐಜಿಎಂ ಪ್ರತಿಕಾಯ ಆ ಅಂತರವನ್ನು ದಾಟಿ ಕಣಗಳನ್ನು ಗುಂಪುಗಟ್ಟಿಸುತ್ತದೆ. ಗರ್ಭವೇಷ್ಟನವನ್ನು ದಾಟಿ ಮಗುವನ್ನು ತಲುಪುವ ಐಜಿಜಿ ಚಿಕ್ಕದು. ಅದು ಕಣಕ್ಕೆ ಅಂಟಿಕೊಂಡರೂ ಪಕ್ಕದ ಕಣವನ್ನು ಸಾಮಾನ್ಯವಾಗಿ ಮುಟ್ಟಲಾರದು. ಹೀಗಾಗಿ ಸಲೈನ್‌ನಲ್ಲಿ ನಡೆಸುತ್ತಿದ್ದ ಹಳೆಯ ಪರೀಕ್ಷೆಗೆ ಅಪಾಯಕಾರಿ ಪ್ರತಿಕಾಯವೇ ಸಿಗುತ್ತಿರಲಿಲ್ಲ.

1945ರಲ್ಲಿ ಪಶುವೈದ್ಯ ಶಿಕ್ಷಣ ಪಡೆದಿದ್ದ ರಾಬಿನ್ ಕೂಂಬ್ಸ್, ಆರ್ಥರ್ ಮೌರಂಟ್ ಮತ್ತು ರಾಬರ್ಟ್ ರೇಸ್ ಕೇಂಬ್ರಿಡ್ಜ್‌ನಲ್ಲಿ ಇದಕ್ಕೆ ದಾರಿ ಕಂಡರು. ಮಾನವ ಗ್ಲಾಬ್ಯುಲಿನ್ ಚುಚ್ಚಿದ ಮೊಲದ ಸೀರಂ ಸೇರಿಸಿದಾಗ, ಐಜಿಜಿ ಅಂಟಿದ್ದ ಕಣಗಳು ಒಂದಕ್ಕೊಂದು ಬೆಸೆದುಕೊಂಡವು. ಇದೇ ತತ್ತ್ವವನ್ನು ಕಾರ್ಲೋ ಮೊರೆಸ್ಕಿ 1908ರಲ್ಲೇ ವಿವರಿಸಿದ್ದರೂ ಅದು ಮರೆತುಹೋಗಿತ್ತು.

ಹೊಸ ವಿಧಾನದ ದುರ್ಬಲ ಕೊಂಡಿ ತೊಳೆಯುವ ಹಂತ. ಕಣಗಳ ಸುತ್ತ ರೋಗಿಯ ಗ್ಲಾಬ್ಯುಲಿನ್ ಸ್ವಲ್ಪ ಉಳಿದರೂ ಸಾಕು, ಸೇರಿಸಿದ ಸೀರಂ ಅದರ ಮೇಲೆಯೇ ಖರ್ಚಾಗಿ ಫಲಿತಾಂಶ ಸುಳ್ಳು ನೆಗೆಟಿವ್ ಆಗುತ್ತದೆ. ಅದಕ್ಕೆಂದೇ ನೆಗೆಟಿವ್ ಬಂದ ಪ್ರತಿ ಟ್ಯೂಬಿಗೂ ಐಜಿಜಿ ಲೇಪಿಸಿದ ಕಣಗಳನ್ನು ಹಾಕಿ ನೋಡುತ್ತಾರೆ. ಅವೂ ಗುಂಪುಗಟ್ಟದಿದ್ದರೆ ಪರೀಕ್ಷೆ ಅಸಿಂಧು.

1970ರ ದಶಕದಲ್ಲಿ ಬಳಕೆಗೆ ಬಂದ ಲಿಸ್ (ಲೋ ಅಯಾನಿಕ್ ಸ್ಟ್ರೆಂತ್ ಸಲೈನ್) ದ್ರಾವಣ ಉಪ್ಪಿನ ಅಂಶವನ್ನು ತಗ್ಗಿಸಿತು. ಸೋಡಿಯಂ, ಕ್ಲೋರೈಡ್ ಅಯಾನುಗಳ ಅಡ್ಡಿ ಕಡಿಮೆಯಾಗಿ ಪ್ರತಿಕಾಯಗಳು ಬೇಗ ಅಂಟಿಕೊಂಡವು. ಅರ್ಧ ಗಂಟೆಗೂ ಮೀರಿ ಕಾಯಬೇಕಿದ್ದಲ್ಲಿ 10–15 ನಿಮಿಷ ಸಾಕಾಯಿತು. ಬಳಿಕ ಫ್ರಾನ್ಸಿನ ಯ್ವೆಸ್ ಲಾಪಿಯೆರ್ ಮತ್ತು ಸಂಗಡಿಗರು ರೂಪಿಸಿ 1990ರಲ್ಲಿ ಪ್ರಕಟಿಸಿದ ಜೆಲ್ ವಿಧಾನ ತೊಳೆಯುವ ಗೋಜನ್ನೇ ತಪ್ಪಿಸಿತು. ಸೆಂಟ್ರಿಫ್ಯೂಜ್ ತಿರುಗಿದಾಗ ಬಿಡಿ ಕಣಗಳು ತಳಕ್ಕಿಳಿಯುತ್ತವೆ, ಗುಂಪುಗಟ್ಟಿದವು ಜೆಲ್‌ನಲ್ಲೇ ಸಿಕ್ಕಿಕೊಳ್ಳುತ್ತವೆ.

ಬೆಲೆ ತೆರಬೇಕಾದದ್ದು ಕಿಣ್ವಗಳ ವಿಷಯದಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಪರಂಗಿಕಾಯಿಯ ಹಾಲಿನಿಂದ ತೆಗೆಯುವ ಪಪೇನ್ ಕಣಗಳ ಋಣ ವಿದ್ಯುದಂಶವನ್ನು ಇಳಿಸಿ ಆರ್‌ಎಚ್, ಕಿಡ್ ರಕ್ತಗುಂಪುಗಳ ವಿರುದ್ಧದ ಪ್ರತಿಕಾಯಗಳು ಎದ್ದು ಕಾಣುವಂತೆ ಮಾಡುತ್ತದೆ. ಅದೇ ಪಪೇನ್ ಡಫಿ, ಎಂ, ಎನ್ ಎಂಬ ರಕ್ತಗುಂಪು ಪ್ರತಿಜನಕಗಳನ್ನು (ಪ್ರತಿಕಾಯ ಅಂಟಿಕೊಳ್ಳುವ ಮೇಲ್ಮೈ ಗುರುತುಗಳನ್ನು) ಕತ್ತರಿಸಿಹಾಕುವುದರಿಂದ ಅವುಗಳ ವಿರುದ್ಧದ ಪ್ರತಿಕಾಯ ತಪ್ಪಿಸಿಕೊಳ್ಳುತ್ತದೆ. ಜೊತೆಗೆ, ರೋಗಿಗೆ ತೊಂದರೆ ಕೊಡದ ಪ್ರತಿಕಾಯಗಳೂ ಪಾಸಿಟಿವ್ ತೋರಿಸಿ ರಕ್ತ ಕೊಡಬೇಕಾದಾಗ ಹೊಂದುವ ರಕ್ತದ ಹುಡುಕಾಟವನ್ನು ತಡಮಾಡುತ್ತವೆ. ಹಾಗಾಗಿ ಪಪೇನ್ ಫಲಿತಾಂಶವೊಂದನ್ನೇ ನೆಚ್ಚದೆ, ಕಿಣ್ವ ಸೋಕದ ಕಣಗಳ ಮೇಲೂ ಕೂಂಬ್ಸ್ ಪರೀಕ್ಷೆ ನಡೆಸಿ ಎರಡನ್ನೂ ಹೋಲಿಸಬೇಕಾಗುತ್ತದೆ.