ನಾಗರಖಂಡದ ಶಿಲಾಲೇಖಗಳಲ್ಲಿ ಪಾಪ, ಶರಣರ ವಚನಗಳಲ್ಲಿ ಪಶ್ಚಾತ್ತಾಪ

ಆನವಟ್ಟಿಯ ಸುತ್ತಣ ಸೀಮೆಗೆ ಹಿಂದೆ ನಾಗರಖಂಡವೆಂಬ ಹೆಸರಿತ್ತು. ಬನವಾಸಿ ಪನ್ನಿರ್ಚ್ಛಾಸಿರದೊಳಗಣ ಎಪ್ಪತ್ತು ಹಳ್ಳಿಗಳ ನಾಡು ಅದು. ಇಂದಿನ ಸೊರಬ ಮತ್ತು ಶಿಕಾರಿಪುರ ತಾಲೂಕುಗಳಲ್ಲಿ ದೊರೆತಷ್ಟು ಶಾಸನಗಳು ಕನ್ನಡನಾಡಿನ ಕೆಲವೇ ಕಡೆಗಳಲ್ಲಿ ದೊರೆತಿವೆ. ಬಿ. ಎಲ್. ರೈಸ್ ಅವರು 1902 ಮತ್ತು 1904ರಲ್ಲಿ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕದ ಏಳು ಮತ್ತು ಎಂಟನೆಯ ಸಂಪುಟಗಳನ್ನು ತೆರೆದು ನೋಡಿದ ವಾಚಕರಿಗೆ ಇದು ತಾನೇ ವಿದಿತವಾಗುವುದು. ಈ ಕಲ್ಲುಗಳನ್ನು ನಾವು ಸಾಮಾನ್ಯವಾಗಿ ಅರಸರ ವಂಶಾವಳಿಗಾಗಿ ಓದುತ್ತೇವೆ. ಅವುಗಳಲ್ಲಿ ಮತ್ತೊಂದು ಇತಿಹಾಸವೂ ಅಡಗಿದೆ. ನಮ್ಮ ಹಿರಿಯರು ಪಾಪವನ್ನು ಏನೆಂದು ಬಗೆದಿದ್ದರು, ಅದರಿಂದ ಬಿಡುಗಡೆಯನ್ನು ಎಲ್ಲಿ ಅರಸಿದರು ಎಂಬುದೇ ಆ ಇತಿಹಾಸ.

ಯಾವುದೇ ದಾನಶಾಸನದ ಕೊನೆಯ ಸಾಲುಗಳನ್ನು ನೋಡಿರಿ. ಈ ಧರ್ಮವನ್ನು ಅಳಿದವನಿಗೆ ವಾರಣಾಸಿಯಲ್ಲಿಯೋ ಕುರುಕ್ಷೇತ್ರದಲ್ಲಿಯೋ ಸಾವಿರ ಕವಿಲೆಗಳನ್ನು ಕೊಂದ ಪಾಪ ತಗಲುವುದೆಂದೂ, ಕೊಟ್ಟ ಭೂಮಿಯನ್ನು ಕಸಿದವನು ಅರವತ್ತು ಸಹಸ್ರ ವರ್ಷಗಳ ಕಾಲ ಅಮೇಧ್ಯದಲ್ಲಿ ಹುಳುವಾಗಿ ಹುಟ್ಟುವನೆಂದೂ ಶಾಪವಿರುತ್ತದೆ. ನ್ಯಾಯಸ್ಥಾನದ ಅಮೀನರಿಲ್ಲದ ಕಾಲದಲ್ಲಿ ಪಾಪಭೀತಿಯೇ ಪತ್ರದ ಕಾವಲುಗಾರನಾಗಿತ್ತು. ಆದರೆ ಒಂದು ಮಾತನ್ನು ಗಮನಿಸಬೇಕು. ಈ ಪಾಪವೆಲ್ಲವೂ ಇನ್ನೊಬ್ಬನದು, ಮುಂದೆಂದೋ ಬಂದು ತಪ್ಪಬಹುದಾದ ಯಾವನೋ ಒಬ್ಬನದು. ದಾನಿಯ ಪಾಲಿಗೆ ಬರುವುದು ಪುಣ್ಯವೊಂದೇ. ವ್ಯಾಕರಣದ ಮಾತಿನಲ್ಲಿ ಹೇಳುವುದಾದರೆ ಶಾಸನದ ಪಾಪ ಅನ್ಯಪುರುಷದಲ್ಲಿದೆ. ‘ನಾನು ತಪ್ಪಿದೆನು’ ಎಂಬ ಉತ್ತಮಪುರುಷದ ಮಾತು ಆ ಕಲ್ಲಿನ ಭಾಷೆಯಲ್ಲ.

ಬಳ್ಳಿಗಾವೆಯ ಕೇದಾರೇಶ್ವರಕ್ಕೆ ಸೇರಿದ ಕೋಡಿಮಠದ 1162ರ ಶಾಸನವು ಇದಕ್ಕೆ ಒಳ್ಳೆಯ ನಿದರ್ಶನ. ಚಾಲುಕ್ಯರ ಮಾಂಡಲಿಕನಾಗಿದ್ದ ಕಳಚುರಿ ಬಿಜ್ಜಳನು ತನ್ನ ಒಡೆಯ ಮೂರನೆಯ ತೈಲಪನ ಸಿಂಹಾಸನವನ್ನು ಕೈವಶಮಾಡಿಕೊಂಡು ಸ್ವತಂತ್ರ ಸಾಮ್ರಾಟನೆನಿಸಿಕೊಂಡ ದಿನಗಳವು. ದಕ್ಷಿಣದಿಗ್ವಿಜಯಕ್ಕೆ ಹೊರಟ ಆತನು ಬಳ್ಳಿಗಾವೆಯಲ್ಲಿ ಬೀಡುಬಿಟ್ಟು, ಕಾಳಾಮುಖ ಯತಿ ವಾಮಶಕ್ತಿಗಳ ಮಠಕ್ಕೆ ದತ್ತಿಯನ್ನು ಬಿಟ್ಟನು. ಮಠದ ವರ್ಣನೆಯನ್ನು ಓದಿದರೆ ಇಂದಿಗೂ ಮನಸ್ಸು ತುಂಬಿ ಬರುತ್ತದೆ. ಅಲ್ಲಿ ವೇದ, ವ್ಯಾಕರಣ, ದರ್ಶನಗಳ ಪಾಠ ನಡೆಯುತ್ತಿತ್ತು, ದೀನರು, ಅನಾಥರು, ಕುಂಟರು, ಕುರುಡರು, ಕಿವುಡರು ಅನ್ನವನ್ನು ಪಡೆಯುತ್ತಿದ್ದರು, ರೋಗಿಗಳಿಗೆ ಔಷಧೋಪಚಾರವಿತ್ತು, ಸಕಲ ಪ್ರಾಣಿಗಳಿಗೂ ಅದು ಅಭಯಸ್ಥಾನವಾಗಿತ್ತು. ಅಂತಹ ಮಠಕ್ಕೆ ದಾನಮಾಡಿದವನನ್ನು ಯಾರು ತಾನೇ ಹಳಿದಾರು? ಆದರೂ ಒಡೆಯನ ಪಟ್ಟವನ್ನು ಕಸಿದುಕೊಂಡವನ ಅಂತರಂಗದಲ್ಲಿ ಏನಾದರೂ ಕುದಿಯುತ್ತಿತ್ತೇ ಎಂದು ಕೇಳಿದರೆ ಕಲ್ಲು ಮೌನ ತಾಳುತ್ತದೆ. ಭೂಮಿಯನ್ನು ಕೊಡುವುದು ಅರಸರಿಗೆ ಸುಲಭ, ತಪ್ಪನ್ನು ಒಪ್ಪಿಕೊಳ್ಳುವುದು ಕಷ್ಟ.

ಹಾಗೆಂದು ಶರಣರಿಗೆ ಮುಂಚೆ ತಪ್ಪೊಪ್ಪಿಗೆಯೇ ಇರಲಿಲ್ಲವೆಂದು ಹೇಳುವುದು ನ್ಯಾಯವಲ್ಲ. ಜೈನಧರ್ಮದಲ್ಲಿ ಅದಕ್ಕೆ ಶಾಸ್ತ್ರೋಕ್ತವಾದ ಸ್ಥಾನವಿತ್ತು. ತನ್ನ ದೋಷಗಳನ್ನು ಮರೆಮಾಚದೆ ಗುರುವಿನ ಮುಂದೆ ಹೇಳಿಕೊಳ್ಳುವುದಕ್ಕೆ ಆಲೋಚನೆಯೆಂದೂ, ಮಾಡಿದ ತಪ್ಪಿನಿಂದ ಹಿಂದಿರುಗುವುದಕ್ಕೆ ಪ್ರತಿಕ್ರಮಣವೆಂದೂ ಹೆಸರು. ಸಲ್ಲೇಖನವನ್ನು ಕೈಕೊಳ್ಳುವವರು ಮೊದಲು ಎಲ್ಲರನ್ನೂ ಕ್ಷಮಿಸಿ, ಎಲ್ಲರಿಂದಲೂ ಕ್ಷಮೆಯನ್ನು ಬೇಡಬೇಕು. ಶಿಕಾರಿಪುರ ತಾಲೂಕಿನ ಬಂದಳಿಕೆಯಲ್ಲಿ ಹತ್ತನೆಯ ಶತಮಾನದ ಆರಂಭಕ್ಕೆ ಸೇರಿದ, ರಾಷ್ಟ್ರಕೂಟರ ಕಾಲದ ಶಾಸನವೊಂದಿದೆ. ಗಂಡನು ತೀರಿಕೊಂಡ ಮೇಲೆ ನಾಗರಖಂಡ ಎಪ್ಪತ್ತರ ನಾಳ್ಗಾವುಂಡಿಕೆಯನ್ನು ವಹಿಸಿಕೊಂಡ ಜಕ್ಕಿಯಬ್ಬೆಯ ಕಥೆ ಅದರಲ್ಲಿದೆ. ಹೆಣ್ಣಾದರೂ ವೀರಳೆನಿಸಿ ನಾಡನ್ನಾಳಿದ ಆಕೆ, ರೋಗಪೀಡಿತಳಾದಾಗ ಅಧಿಕಾರವನ್ನು ಮಗಳಿಗೆ ಒಪ್ಪಿಸಿ, ಬಂದಳಿಕೆಯ ತೀರ್ಥಕ್ಕೆ ಬಂದು ಸಲ್ಲೇಖನದಿಂದ ದೇಹವನ್ನು ಬಿಟ್ಟಳು. ಸೊರಬ ತಾಲೂಕಿನ ಹಿರೇಆವಲಿಯಲ್ಲಿಯೂ ಸಾಲುಸಾಲಾಗಿ ನಿಷಿಧಿಗಲ್ಲುಗಳಿವೆ. ಅವರಲ್ಲಿ ಒಬ್ಬೊಬ್ಬರೂ ಕೊನೆಯ ದಿನಗಳಲ್ಲಿ ಗುರುವಿನ ಕಿವಿಯಲ್ಲಿ ಏನನ್ನು ಹೇಳಿಕೊಂಡರೋ! ಸಮಾಧಿಯನ್ನು ಕಲ್ಲು ಬರೆದುಕೊಂಡಿತು, ಆಲೋಚನೆಯನ್ನು ಬರೆದುಕೊಳ್ಳಲಿಲ್ಲ. ಅದು ಗುರುಶಿಷ್ಯರ ನಡುವಣ ಗುಟ್ಟಾಗಿಯೇ ಉಳಿಯಿತು.

ಬಿಜ್ಜಳನು ಕೋಡಿಮಠಕ್ಕೆ ದತ್ತಿ ಬಿಟ್ಟ ಅದೇ ಕಾಲದಲ್ಲಿ ಆತನ ಕಲ್ಯಾಣದಲ್ಲಿ ಬಸವಣ್ಣನವರು ಆ ಗುಟ್ಟನ್ನು ಬಯಲಿಗಿಟ್ಟರು. ಅವರ ವಚನಗಳಲ್ಲಿ ಅರ್ಧದಷ್ಟನ್ನಾದರೂ ಓದಿದವರು ಒಂದು ವಿಚಿತ್ರವನ್ನು ಕಂಡಿರುತ್ತಾರೆ. ರಾಜ್ಯದ ಭಂಡಾರವನ್ನು ನೋಡಿಕೊಳ್ಳುತ್ತಿದ್ದ ಮಹಾನುಭಾವರು ತಮ್ಮ ಮನಸ್ಸಿನ ಚಾಂಚಲ್ಯವನ್ನು, ಡಂಭವನ್ನು, ನುಡಿದಂತೆ ನಡೆಯದ ನಾಚಿಕೆಯನ್ನು ಎಲ್ಲರ ಕಿವಿಗೆ ಬೀಳುವಂತೆ ಹೇಳಿಕೊಳ್ಳುತ್ತಾರೆ. ಇಲ್ಲಿ ಶಾಪವಿಲ್ಲ, ಅರವತ್ತು ಸಾವಿರ ವರ್ಷಗಳ ಲೆಕ್ಕವಿಲ್ಲ. ಪಾಪವು ಅನ್ಯಪುರುಷದಿಂದ ಉತ್ತಮಪುರುಷಕ್ಕೆ ಬಂದಿದೆ. ಗುರುವಿನ ಏಕಾಂತದಿಂದ ಅನುಭವಮಂಟಪದ ಬೆಳಕಿಗೆ ಬಂದಿದೆ. ಈ ದೃಷ್ಟಿಯನ್ನು ನಮ್ಮ ನಾಡಿಗೆ ಪರಕೀಯವೆನ್ನುವಂತಿಲ್ಲ. ಹೊರಗಣ ಆಚಾರವನ್ನು ಒಳಗಣ ಅರಿವಿನ ಒರೆಗಲ್ಲಿಗೆ ಹಚ್ಚಿದ ಅಲ್ಲಮಪ್ರಭುಗಳು ಬಳ್ಳಿಗಾವೆಯವರು. ಅಕ್ಕನ ಉಡುತಡಿಯೂ ಅದೇ ಶಿಕಾರಿಪುರ ಸೀಮೆಯದು. (ಮುಂದಿನ ಕಾಲದ ಹಾಡುಗಳಲ್ಲಿ ಆತ್ಮನಿಂದೆ ಸವೆದ ನಾಣ್ಯವಾಗಿ, ‘ಪಾಪಿ ನಾನು’ ಎಂಬುದು ಪಲ್ಲವಿಯ ತುಂಬುಪದವಾದದ್ದೂ ಉಂಟು. ಅದು ಮೂಲದ ದೋಷವಲ್ಲ.)

ಕಾವ್ಯವೂ ಈ ದಾರಿಯನ್ನು ಅರಿತಿತ್ತು. 1209ರಲ್ಲಿ ಜನ್ನನು ರಚಿಸಿದ ‘ಯಶೋಧರ ಚರಿತೆ’ಯಲ್ಲಿ ಹಿಟ್ಟಿನ ಕೋಳಿಯನ್ನು ಬಲಿಕೊಟ್ಟ ಸಂಕಲ್ಪಮಾತ್ರದಿಂದ ತಾಯಿಮಕ್ಕಳು ಜನ್ಮಜನ್ಮಾಂತರ ತೊಳಲುತ್ತಾರೆ. ಕೊನೆಗೆ ಮಾರಿಯ ಗುಡಿಯಲ್ಲಿ ನರಬಲಿಗಾಗಿ ನಿಂತ ಅಭಯರುಚಿಯು ಆ ಕಥೆಯನ್ನು ತನ್ನದೇ ಕಥೆಯೆಂದು ಹೇಳುವುದರಿಂದಲೇ ಮಾರಿದತ್ತ ರಾಜನ ಮನಸ್ಸು ತಿರುಗುತ್ತದೆ. ಉಪದೇಶ ಮಾಡದ ಕೆಲಸವನ್ನು ಒಪ್ಪಿಗೆ ಮಾಡಿತು.

ಪಶ್ಚಾತ್ತಾಪವೆಂದರೆ ಅನಂತರದ ಬೇಗೆ. ಬೆಂದವನು ಮುಂದೇನು ಮಾಡಬೇಕು? ಊರವರು ಅವನನ್ನು ಹೇಗೆ ಕಾಣಬೇಕು? ನಿಜವಾದ ಪರೀಕ್ಷೆ ಇರುವುದು ಇಲ್ಲಿ. ನಮ್ಮ ಹಳ್ಳಿಗಳಲ್ಲಿ ದೇವರಿಗೆ ತಪ್ಪುಗಾಣಿಕೆ ಕಟ್ಟುವ ರೂಢಿಯಿದೆ. ಕಾಣಿಕೆ ಹುಂಡಿಗೆ ಬಿದ್ದೊಡನೆ ಲೆಕ್ಕ ಚುಕ್ತಾ ಆಯಿತೆಂದು ತಿಳಿಯುವವರೂ ಇದ್ದಾರೆ. ಶರಣರು ಈ ಪ್ರಶ್ನೆಗೆ ಕೊಟ್ಟ ಉತ್ತರವನ್ನು ಅರಿಯಲು ನಾಗರಖಂಡವನ್ನು ಬಿಟ್ಟು ಉತ್ತರಕ್ಕೆ, ಇಂದಿನ ನಾಂದೇಡ ಜಿಲ್ಲೆಯ ಕಂಧಾರಕ್ಕೆ ಹೋಗಬೇಕು. ಅಸ್ಪೃಶ್ಯ ಕುಲದಲ್ಲಿ ಹುಟ್ಟಿದ ಪೆದ್ದಣ್ಣ ಕಳ್ಳನಾಗಿದ್ದನೆಂಬುದು ಐತಿಹ್ಯ. ಕಳ್ಳತನಕ್ಕೆಂದು ಹೊಕ್ಕ ಮನೆಯಲ್ಲಿ ಉರಿಲಿಂಗದೇವರು ದೀಕ್ಷೆ ಕೊಡುತ್ತಿದ್ದುದನ್ನು ಕಂಡು ಅವನ ಮನಸ್ಸು ಕರಗಿತು. ಗುರುವು ದೀಕ್ಷೆಗೆ ಒಪ್ಪಲಿಲ್ಲ. ಪೆದ್ದಣ್ಣ ದಿನವೂ ಕಟ್ಟಿಗೆಯ ಹೊರೆಯನ್ನು ತಂದು ಮಠಕ್ಕೆ ಹಾಕುತ್ತ, ಕೂಲಿಯನ್ನು ಒಲ್ಲದೆ, ದೀಕ್ಷೆಯನ್ನೇ ಬೇಡುತ್ತಿದ್ದನು. ಬೇಸತ್ತ ಗುರುವು ಎಸೆದ ಕಲ್ಲನ್ನೇ ಲಿಂಗವೆಂದು ಕಟ್ಟಿಕೊಂಡ ಅವನ ನಿಷ್ಠೆಗೆ ಕೊನೆಗೆ ಗುರುವೇ ಸೋತರು. ಹೊನ್ನಿನಿಂದಲ್ಲ, ಕಟ್ಟಿಗೆಯ ಹೊರೆಯಿಂದ, ಅಂದರೆ ಬೆವರಿನಿಂದ ನಡೆದ ಪ್ರಾಯಶ್ಚಿತ್ತವಿದು. ಅದಕ್ಕಿಂತಲೂ ದೊಡ್ಡ ಸಂಗತಿಯೆಂದರೆ, ಉರಿಲಿಂಗದೇವರ ತರುವಾಯ ಆ ಮಠದ ಪಟ್ಟವೇರಿದವನು ಅದೇ ಪೆದ್ದಣ್ಣ. ಸಂಸ್ಕೃತದ ಉಕ್ತಿಗಳಿಂದ ತುಂಬಿದ ಮುನ್ನೂರಕ್ಕೂ ಮಿಕ್ಕ ವಚನಗಳನ್ನು ‘ಉರಿಲಿಂಗಪೆದ್ದಿಪ್ರಿಯ ವಿಶ್ವೇಶ್ವರ’ ಎಂಬ ಅಂಕಿತದಲ್ಲಿ ಬರೆದವರೂ ಅವರೇ. ಮಡದಿ ಕಾಳವ್ವೆಯೂ ವಚನಕಾರ್ತಿ. ಕಳ್ಳನನ್ನು ಕ್ಷಮಿಸಿದ ಸಮಾಜಗಳು ಇತಿಹಾಸದಲ್ಲಿ ಹಲವು ಸಿಗಬಹುದು. ಕಳ್ಳನ ಪಾದಕ್ಕೆರಗಿ ಉಪದೇಶ ಪಡೆದ ಸಮಾಜಗಳು ಎಷ್ಟು ಸಿಕ್ಕಾವು?

ಕನ್ನ ಹಾಕುತ್ತಿದ್ದ ಕನ್ನದ ಮಾರಿತಂದೆಗೂ ಶರಣಗಣದಲ್ಲಿ ಸ್ಥಾನವಿತ್ತು. ವೇಶ್ಯಾವೃತ್ತಿಯಲ್ಲಿದ್ದ ಸಂಕವ್ವೆಗೂ ಇತ್ತು. ಹಳೆಯ ಬದುಕಿನ ಗುರುತನ್ನು ಅವರು ಹೆಸರಿನಿಂದ ಅಳಿಸಿಕೊಳ್ಳಲಿಲ್ಲ, ಗಣವೂ ಅಳಿಸೆಂದು ಕೇಳಲಿಲ್ಲ. ಸೂಳೆ ಸಂಕವ್ವೆಯೆಂದೇ ಆಕೆ ನಮ್ಮ ವಚನಸಂಪುಟಗಳಲ್ಲಿ ಇದ್ದಾಳೆ. ಆಕೆಯದೆಂದು ನಮಗೆ ಉಳಿದು ಬಂದಿರುವುದು ಒಂದೇ ಒಂದು ವಚನ. ಅದರಲ್ಲಿ ಆಕೆ ತನ್ನ ದೇವರನ್ನು ಕರೆದ ಹೆಸರು ‘ನಿರ್ಲಜ್ಜೇಶ್ವರ’.